ಒಂದು ಗಂಟೆಗೆ ತಿರುಗಿದೆವು

ಸಂಪಾಜೆಯವರಿಗೆ ಬೆಟ್ಟ ಹೊಸತಲ್ಲ. ಮನೆಯ ಹಿಂದೆ ತೋಟ, ತೋಟದ ಹಿಂದೆ ಗುಡ್ಡ, ಕೆಳಗೆ ಪಯಸ್ವಿನಿ. ಆದರೂ ಡಿಗ್ರಿ ಮುಗಿಸಿ ಎರಡು ವರ್ಷ ಕಳೆದರೂ ನಾನು ಕುಮಾರ ಪರ್ವತ ಹತ್ತಿರಲಿಲ್ಲ. ಬೆಂಗಳೂರಿನವರು ರಾತ್ರಿ ಬಸ್ಸಲ್ಲಿ ಬಂದು ಹತ್ತಿ ಹೋಗುತ್ತಾರೆ, ಪಕ್ಕದ ಊರಿನ ನಾನು ಅವರ ಸ್ಟೇಟಸ್ ನೋಡುತ್ತಾ ಕೂರುತ್ತಿದ್ದೆ.

ಕಳೆದ ಡಿಸೆಂಬರಿನಲ್ಲಿ ಒಂದು ಇಂಟರ್‌ವ್ಯೂ ಕೈಕೊಟ್ಟಿತು. ಅದು ಮೂರನೆಯದು. ಏನಾದರೂ ಒಂದನ್ನು ಪೂರ್ತಿ ಮಾಡಲೇಬೇಕು ಎಂಬ ಹಟ ಹುಟ್ಟಿತು. ಕಾಲೇಜಿನ ಗೆಳೆಯನೊಬ್ಬ ಸೇರಿಕೊಂಡ. ಹಿಂದೆ ಎರಡು ಸಲ ಹತ್ತಿದ್ದ ಚಿಕ್ಕಮ್ಮನ ಮಗ, ನಮಗಿಬ್ಬರಿಗೂ ಅಣ್ಣ, ಜತೆಗೆ ಬರಲು ಒಪ್ಪಿದ. ಅಮ್ಮ ಮಾತ್ರ ಮುಖ ಸಿಂಡರಿಸಿದರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದದ್ದನ್ನು ನೋಡಿದವರು ಅವರು. 'ಬೆಟ್ಟದ ಹತ್ತಿರ ಹಟ ಎಂತದ್ದು ಮಾರಾಯಾ?' ಎಂದರು.

ಈಗ ಮೊದಲಿನಂತೆ ಮನಸ್ಸು ಬಂದಾಗ ಹೊರಡುವ ಹಾಗಿಲ್ಲ. 2024ರ ಜನವರಿಯಲ್ಲಿ ಸಾಲು ರಜೆಗೆ ಜನ ಮುಗಿಬಿದ್ದು, ಆ ವಿಡಿಯೊ ಎಲ್ಲೆಡೆ ಹರಿದಾಡಿದ ಮೇಲೆ ಆನ್‌ಲೈನ್ ಬುಕಿಂಗ್ ಬಂತು. ರಾತ್ರಿ ಟೆಂಟ್ ಹಾಕುವಂತಿಲ್ಲ, ಹತ್ತಿದ ದಿನವೇ ಇಳಿಯಬೇಕು. ಕುಕ್ಕೆ ಕಡೆಯಿಂದ ಹೋಗಿ ಬರಲು ಸುಮಾರು 25 ಕಿ.ಮೀ. ನಡಿಗೆ. ಶಿಖರದ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ತುದಿಯ ಸಮೀಪದವರೆಗೆ ವಾಹನ ಹೋಗುತ್ತದೆ. ಇಲ್ಲಿ ಬುಡದಿಂದಲೇ ಕಾಲು ಸವೆಸಬೇಕು.

ಬೆಳಗಿನ ಜಾವ ಎರಡು ಬೈಕಿನಲ್ಲಿ ಹೊರಟು ಸುಳ್ಯ, ಗುತ್ತಿಗಾರು ದಾಟಿ ಸುಬ್ರಹ್ಮಣ್ಯ ಮುಟ್ಟಿದೆವು. ಆರೂವರೆಗೆ ನಡಿಗೆ ಶುರು. ಅಣ್ಣ ಆಗಲೇ ಹೇಳಿದ: 'ಎಲ್ಲೇ ಇರಲಿ, ಒಂದು ಗಂಟೆಗೆ ತಿರುಗುವುದು.' ನಾವಿಬ್ಬರೂ ನಕ್ಕು ತಲೆಯಾಡಿಸಿದೆವು.

ಮೊದಲ ಐದಾರು ಕಿ.ಮೀ. ದಟ್ಟ ಕಾಡು, ಬೇರು ಕಲ್ಲುಗಳ ಏರು. ಭಟ್ಟರ ಮನೆ ತಲುಪುವಾಗ ಒಂಬತ್ತು ಗಂಟೆ. ಮುಂದೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಬ್ಯಾಗ್ ತೆರೆದು ಪ್ಲಾಸ್ಟಿಕ್ ಲೆಕ್ಕ ಹಾಕಿದರು. ಅಲ್ಲಿಂದ ಮೇಲೆ ಬರೀ ಹುಲ್ಲುಗಾವಲು, ನೆರಳೇ ಇಲ್ಲ. ಒಂದು ತಿರುವು ದಾಟಿದರೆ ಇನ್ನೊಂದು ದಿಣ್ಣೆ. ಕಲ್ಲು ಮಂಟಪದಲ್ಲಿ ಕೂತು ನೋಡಿದರೆ ಗೆಳೆಯನ ಎರಡು ಲೀಟರ್ ನೀರು ಮುಗಿದಿತ್ತು. ನಮ್ಮದರಲ್ಲೇ ಹಂಚಿಕೊಂಡೆವು.

ಶೇಷ ಪರ್ವತ ಹತ್ತುವಾಗ 12.50. ಎದುರಿಗೇ ಕುಮಾರ ಪರ್ವತ, ಕೈ ಚಾಚಿದರೆ ಸಿಗುವಂತೆ. ಆದರೆ ನಡುವೆ ಇಳಿದು, ಕಾಡು ಹೊಕ್ಕು, ಬಂಡೆ ಹತ್ತಬೇಕು. ಅಷ್ಟರಲ್ಲಿ ಗೆಳೆಯನ ಮೀನಖಂಡ ಹಿಡಿದುಕೊಂಡು ಅವನು ಕುಸಿದು ಕುಳಿತ.

'ನೀವಿಬ್ಬರೂ ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ' ಎಂದ. ಸತ್ಯ ಹೇಳುತ್ತೇನೆ, ನನಗೆ ಆ ಮಾತು ಕೇಳಿ ಖುಷಿಯಾಯಿತು. ಎದ್ದು ಬ್ಯಾಗ್ ಹೆಗಲಿಗೇರಿಸಿಯೂ ಬಿಟ್ಟೆ. ಅಣ್ಣ ಏಳಲಿಲ್ಲ. ಗೆಳೆಯನ ಕಾಲು ನೀವುತ್ತಾ ವಾಚು ತೋರಿಸಿದ. ನಾನು ವಾದ ಮಾಡಿದೆ. 'ಇಲ್ಲಿಯೂ ಅರ್ಧಕ್ಕೇ ಬಿಡಬೇಕಾ?' ಎಂದು ಕೂಗಿದೆ. ಅವನು ತಣ್ಣಗೆ, 'ಇವನನ್ನು ಬಿಟ್ಟು ಮೇಲೆ ಹೋಗಿ ಏನು ಫೋಟೊ ತೆಗೆಯುತ್ತಿ?' ಎಂದ.

ಒಂದು ಗಂಟೆಗೆ ತಿರುಗಿದೆವು.

ಇಳಿಯುವುದು ಸುಲಭವೆಂದು ಹೇಳಿದವರು ಇಳಿದವರಲ್ಲ. ಮೊಣಕಾಲು ನಡುಗುತ್ತಿತ್ತು, ಗೆಳೆಯ ನಮ್ಮಿಬ್ಬರ ಹೆಗಲು ಹಿಡಿದು ಬಂದ. ಮೂರೂವರೆಗೆ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ. ಅಷ್ಟು ರುಚಿಯಾದ ಊಟ ನಾನು ಉಂಡಿಲ್ಲ. ಕೊನೆಯ ಕಾಡು ದಾಟಿ ರಸ್ತೆಗೆ ಬಂದಾಗ ಆರಕ್ಕೆ ಐದು ನಿಮಿಷ. ಹಿಂತಿರುಗಿ ನೋಡಿದರೆ ಮರಗಳ ನಡುವೆ ಕತ್ತಲು ಇಳಿದಿತ್ತು. ಶಿಖರಕ್ಕೆ ಹೋಗಿದ್ದರೆ ಇನ್ನೂ ಎರಡು ಗಂಟೆ ಬೇಕಿತ್ತು. ಆನೆ ಓಡಾಡುವ ಆ ಕಾಡಿನಲ್ಲಿ, ನಡೆಯಲಾಗದ ಗೆಳೆಯನೊಡನೆ, ಮೊಬೈಲ್ ಟಾರ್ಚಿನಲ್ಲಿ! ಅಲ್ಲೇ ನನ್ನ ವಾದ ಮುಗಿಯಿತು.

ನೀವೂ ಹೊರಡುವುದಾದರೆ ತಲಾ ಮೂರು ಲೀಟರ್ ನೀರು, ಸ್ವಲ್ಪ ಉಪ್ಪು-ಸಕ್ಕರೆ, ಟೊಪ್ಪಿ, ಟಾರ್ಚು ಇರಲಿ. ಹಿಂದಿನ ಎರಡು ವಾರ ದಿನಾ ನಡೆಯಿರಿ. ತಿರುಗುವ ಗಂಟೆಯನ್ನು ಕೆಳಗೇ ನಿಶ್ಚಯಿಸಿ. ಮೇಲೆ ಹೋದ ಮೇಲೆ ಬುದ್ಧಿ ಹಟದ ಮಾತು ಕೇಳುತ್ತದೆ.

ಮನೆಗೆ ಬಂದಾಗ ಅಮ್ಮ ಜಗಲಿಯಲ್ಲೇ ಕೂತಿದ್ದರು. 'ತುದಿಗೆ ಹೋದ್ರಾ?' ಎಂದರು. ಇಲ್ಲ ಎಂದೆ. 'ಮೂರೂ ಜನ ಬಂದ್ರಲ್ಲ' ಎಂದು ಬಿಸಿನೀರು ಕಾಯಿಸಲು ಎದ್ದರು.

ಇಂಟರ್‌ವ್ಯೂಗಳನ್ನು ಈಗ ಬೇರೆ ರೀತಿ ಲೆಕ್ಕ ಹಾಕುತ್ತಿದ್ದೇನೆ. ಎಲ್ಲಿ ನೀರು ಮುಗಿಯಿತು, ಯಾವ ತಯಾರಿ ಸಾಲಲಿಲ್ಲ ಎಂದು ಬರೆದಿಡುತ್ತೇನೆ. ನಾಲ್ಕನೆಯದಕ್ಕೆ ಅರ್ಜಿ ಹಾಕಿದ್ದಾಗಿದೆ. ಮಳೆ ಮುಗಿದ ಮೇಲೆ ಬೆಟ್ಟಕ್ಕೂ ಹಾಕುತ್ತೇವೆ, ಮೂವರೂ.