ಯಲ್ದೂರು ಸೀಮೆಯ ಅಮ್ಮಂದಿರು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯಲ್ಲಿ ಬೆಳಗಾಗುವುದು ಹಾಲಿನ ಡೇರಿಯ ಮುಂದೆ. ಕ್ಯಾನು ಹಿಡಿದ ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಎಕ್ಸೆಲ್ ಗಾಡಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಗಿದವರು ರೇಷ್ಮೆ ಹುಳುಮನೆಯ ಕಡೆ ತಿರುಗುತ್ತಾರೆ. ಟೊಮೆಟೊ ಕ್ರೇಟು ತುಂಬಿಕೊಂಡ ಟೆಂಪೊ ಕೋಲಾರದ ಮಾರುಕಟ್ಟೆಯ ದಾರಿ ಹಿಡಿಯುತ್ತದೆ. ಮೇ ತಿಂಗಳಾದರೆ ಬಾದಾಮಿ, ತೋತಾಪುರಿ ಮಾವು ಹೊತ್ತ ಟ್ರ್ಯಾಕ್ಟರುಗಳ ಸದ್ದೂ ಸೇರಿಕೊಳ್ಳುತ್ತದೆ. ಇಂಥ ಒಂದು ಸಾಲಿನಲ್ಲಿ ಐದು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನಿಂತಿರುತ್ತಾನೆ. ತಾಯಿ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಅವನ ಅಂಗಿಯ ಬೆನ್ನು ಹಿಡಿದಿರುತ್ತಾಳೆ. ಟ್ರ್ಯಾಕ್ಟರು ಹತ್ತಿರ ಬಂದರೆ ಅವನು ಕಿರುಚುತ್ತಾನೆ. "ಎಷ್ಟು ಹಟ ಕಲಿಸಿದ್ದೀಯಮ್ಮ ಮಗನಿಗೆ!" ಎಂದು ಹಿಂದಿನಿಂದ ಯಾರೋ ಅನ್ನುತ್ತಾರೆ. ಅವಳು ತಿರುಗಿ ನೋಡುವುದಿಲ್ಲ. ದಿನಕ್ಕೆ ಎಷ್ಟು ಜನಕ್ಕೆ ಅಂತ ಉತ್ತರ ಹೇಳುವುದು?

ಅದು ಹಟವಲ್ಲ. ನಮಗೆ ಬರೀ ಸದ್ದಾಗಿ ಕೇಳುವುದು ಆ ಮಗುವಿಗೆ ಪೆಟ್ಟು ಬಿದ್ದಷ್ಟು ನೋವು ಕೊಡಬಲ್ಲದು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ಮುಟ್ಟುವಿಕೆ, ರುಚಿ ಎಲ್ಲವೂ ಅಳತೆ ಮೀರಿ ತಾಗುತ್ತವೆ. ಕೆಲವರಿಗೆ ಇದಕ್ಕೆ ತದ್ವಿರುದ್ಧವಾಗಿ ಬಿದ್ದು ಮಂಡಿ ತರಚಿದರೂ ಗೊತ್ತಾಗುವುದಿಲ್ಲ. ಆಟಿಸಂ ಎಂಬುದು ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಅಂಟುವ ರೋಗವಲ್ಲ, ಹೆತ್ತವರ ತಪ್ಪೂ ಅಲ್ಲ. ಸುಮಾರು 100 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳಿಕೊಂಡು ಬಂದ ಅಂದಾಜು. ಆ ಲೆಕ್ಕ ಹಿಡಿದರೆ ಯಾವ ಹೋಬಳಿಯೂ ಇದರಿಂದ ಹೊರಗಿಲ್ಲ.

ಅದೇ ಹುಡುಗನನ್ನು ಹುಳುಮನೆಯಲ್ಲಿ ನೋಡಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವ ಸದ್ದು ಅಲ್ಲಿ ಸೋನೆ ಮಳೆಯ ಹಾಗೆ ಒಂದೇ ಸಮನೆ ಕೇಳುತ್ತಿರುತ್ತದೆ. ಆ ಸದ್ದಿಗೆ ಅವನು ಕಿವಿ ಮುಚ್ಚುವುದಿಲ್ಲ. ಹುಳು ಗೂಡು ಕಟ್ಟಲೆಂದು ಗೋಡೆಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸುರುಳಿಯ ಹೊರಗಿನ ಸುತ್ತಿಗೆ ತೋರುಬೆರಳಿಟ್ಟು, ಒಂದೊಂದೇ ಸುತ್ತು ಒಳಕ್ಕೆ ಬಂದು ನಡುವಿಗೆ ಮುಟ್ಟಿ, ಮತ್ತೆ ಹೊರಕ್ಕೆ ಹೋಗುತ್ತಾನೆ. ಅಪ್ಪ ಮೊದಮೊದಲು ಹೆಸರು ಹಿಡಿದು ಕೂಗುತ್ತಿದ್ದ. ಮಗ ತಿರುಗುತ್ತಿರಲಿಲ್ಲ. ಈಗ ಅವನೂ ಪಕ್ಕದಲ್ಲಿ ಕೂತು, ಮಗನ ಬೆರಳಿನ ಹಿಂದೆ ತನ್ನ ಬೆರಳು ಓಡಿಸುತ್ತಾನೆ. ನಡುವೆ ಬೇಕೆಂದೇ ನಿಲ್ಲಿಸುತ್ತಾನೆ. ಹಿಂದೆ ಬರುತ್ತಿದ್ದ ಬೆರಳು ಯಾಕೆ ಬರಲಿಲ್ಲ ಎಂದು ಹುಡುಗ ತಲೆ ಎತ್ತುತ್ತಾನೆ. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡುತ್ತವೆ. "ಹೋಗೋಣ?" ಅನ್ನುತ್ತಾನೆ ಅಪ್ಪ. ಬೆರಳುಗಳು ಮತ್ತೆ ಹೊರಡುತ್ತವೆ. ಮಾತು ಹುಟ್ಟುವುದಕ್ಕೆ ಮುಂಚೆ ಇಬ್ಬರೂ ಒಂದೇ ವಸ್ತುವಿನ ಮೇಲೆ ಮನಸ್ಸಿಡುವುದು ಹುಟ್ಟಬೇಕು. ಮಗುವನ್ನು ನಮ್ಮ ಆಟಕ್ಕೆ ಎಳೆಯುವ ಬದಲು ಮಗುವಿನ ಆಟಕ್ಕೆ ನಾವು ಹೋಗಬೇಕೆಂಬುದನ್ನು ಈ ಅಪ್ಪನಿಗೆ ಹೇಳಿಕೊಟ್ಟಿದ್ದು ದೊಡ್ಡ ಡಾಕ್ಟರಲ್ಲ. ಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ ಇನ್ನೊಂದು ಮಗುವಿನ ತಾಯಿ.

ಆ ಬೆಂಚಿನವರೆಗೆ ತಲುಪುವ ದಾರಿ ಉದ್ದ. ಮಗುವಿಗೆ ಎರಡು ತುಂಬಿದರೂ ಮಾತು ಬರದಿದ್ದಾಗ ಅಜ್ಜಿ ಬಜೆ ಬೇರು ತೇಯ್ದು ನಾಲಿಗೆಗೆ ನೆಕ್ಕಿಸುತ್ತಾಳೆ. "ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ಮನಿರು" ಅನ್ನುತ್ತಾರೆ ಅತ್ತೆ. ಕುರುಡುಮಲೆ ಗಣಪನಿಗೆ, ಮುಳಬಾಗಿಲು ಆಂಜನೇಯನಿಗೆ ಹರಕೆ ಕಟ್ಟುತ್ತಾರೆ. ದೇವರಲ್ಲಿ ನಂಬಿಕೆ ತಾಯಿಗೆ ಬಲ ಕೊಡುತ್ತದೆ, ಬೇಡ ಅನ್ನುವವರಾರು? ಆದರೆ ಹರಕೆಯ ಹೆಸರಲ್ಲಿ ಕಾಯುವ ಎರಡು ಮೂರು ವರ್ಷಗಳೇ ಮಗುವಿನ ಮಿದುಳು ಬಲುಬೇಗ ಕಲಿಯುವ ವರ್ಷಗಳು. ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು, ಬಂದಿದ್ದ ಮಾತು ನಿಂತುಹೋಗುವುದು, ಬೇಕಾದ್ದನ್ನು ಕೇಳದೆ ಅಮ್ಮನ ಮಣಿಕಟ್ಟು ಹಿಡಿದೊಯ್ದು ಪಾತ್ರೆಯ ಮುಚ್ಚಳದ ಮೇಲೆ ಇಡುವುದು: ಇವುಗಳಲ್ಲಿ ಯಾವುದು ಕಂಡರೂ ತೋರಿಸಿಬಿಡಬೇಕು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ಹಳ್ಳಿಗಳವರೆಗೂ ಬಂದಿದೆ. ಆ ಭಯ ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆ ತಪ್ಪಿಸಿದರೆ ಮಗುವಿಗೆ ಸಿಗುವುದು ದಡಾರದ ಅಪಾಯ ಮಾತ್ರ.

ಕೋಲಾರಕ್ಕೋ ಬೆಂಗಳೂರಿನ ನಿಮ್ಹಾನ್ಸಿಗೋ ಹೋಗುವ ಬಸ್ಸಿನಲ್ಲಿ ಇಂಥ ಅಮ್ಮಂದಿರು ಒಬ್ಬರನ್ನೊಬ್ಬರು ಬೇಗ ಗುರುತಿಸುತ್ತಾರೆ. ಕಿಟಕಿ ಸೀಟೇ ಬೇಕೆನ್ನುವ ಮಗು, ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಡಬ್ಬಿಯಲ್ಲಿ ಬರೀ ಮೊಸರನ್ನ. ಒಬ್ಬ ಹುಡುಗ ಆಡುವುದು ಒಂದೇ ಮಾತು: "ರೈಟ್ ರೈಟ್." ಕಂಡಕ್ಟರ್ ಹೇಳಿದ್ದನ್ನು ಗಿಳಿಪಾಠ ಒಪ್ಪಿಸುತ್ತಾನೆಂದು ಮನೆಯವರು ತಿಳಿದಿದ್ದರು. ಕೇಳಿದ ಇನ್ನೊಬ್ಬ ತಾಯಿ, "ಯಾವಾಗ ಹೇಳ್ತಾನೆ ಅಂತ ನೋಡಕ್ಕಾ" ಅಂದಳು. ನೋಡಿದರೆ ಅವನು ಹಾಗೆ ಹೇಳುತ್ತಿದ್ದದ್ದು ಮನೆಗೆ ನೆಂಟರು ತುಂಬಿದಾಗ, ಗದ್ದಲ ತಾಳಲಾರದಾಗ. ಇಲ್ಲಿಂದ ಹೋಗೋಣ ಎಂದು ಅವನು ಕೇಳುತ್ತಿದ್ದ! ಈಗ ಅವನು ಹಾಗೆಂದ ಕೂಡಲೇ ಅಮ್ಮ ಹಿತ್ತಲಿಗೆ ಕರೆದೊಯ್ಯುತ್ತಾಳೆ. ಕಿರುಚಾಟ ಕಡಿಮೆಯಾಗಿದೆ.

ಬೆಂಚಿನ ಮೇಲಿನ ಮಾತುಕತೆ ಹೀಗೇ ಸಣ್ಣಸಣ್ಣ ವಿಷಯಗಳದು.

"ನಿಮ್ಮೋನು ಕಟಿಂಗ್‌ಗೆ ಕೂರ್ತಾನಾ ಅಕ್ಕಾ?"

"ಮುಂಚೆ ನಿದ್ದೇಲಿ ನಾನೇ ಕತ್ತರಿಸ್ತಿದ್ದೆ. ಆಮೇಲೆ ಅಂಗಡಿಯಣ್ಣನಿಗೆ ಹೇಳಿ, ಕೆಲವು ದಿನ ಸುಮ್ಮನೆ ಹೋಗಿ ಕನ್ನಡಿ ನೋಡ್ಕೊಂಡು ಬಂದ್ವಿ. ಆಮೇಲೆ ಬರೀ ಬಾಚಣಿಗೆ. ಆಮೇಲೆ ಕತ್ತರಿ. ಮಿಷನ್ ಮಾತ್ರ ಬೇಡ ಅಂದಿದ್ದೀನಿ."

"ಮುದ್ದೆ ತಿಂತಾನಾ?"

"ಕೈಗೆ ಅಂಟುತ್ತೆ ಅಂತ ಮುಟ್ತಿರಲಿಲ್ಲ. ತಟ್ಟೆ ಅಂಚಲ್ಲಿ ಗೋಲಿಯಷ್ಟು ಇಡ್ತಿದ್ದೆ, ತಿನ್ನು ಅಂತಿರಲಿಲ್ಲ. ಒಂದಿನ ತಾನೇ ಬಾಯಿಗಿಟ್ಟ."

ಇನ್ನೊಬ್ಬಳು ಮೊಬೈಲಿನಲ್ಲಿ ಅಡುಗೆಮನೆಯ ಗೋಡೆಯ ಫೋಟೊ ತೋರಿಸುತ್ತಾಳೆ. ತಮ್ಮ ಮನೆಯದೇ ಬ್ರಷ್ಷು, ನಲ್ಲಿ, ತಟ್ಟೆ, ಚಪ್ಪಲಿ, ಅಂಗನವಾಡಿಯ ಬಾಗಿಲು. ಒಂದೊಂದರ ಫೋಟೊ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಸಾಲಾಗಿ ಅಂಟಿಸಿದ್ದಾಳೆ. ಮುಂದೇನು ಎಂಬುದು ಕಣ್ಣಿಗೆ ಕಂಡರೆ ಈ ಮಕ್ಕಳ ಗಾಬರಿ ಇಳಿಯುತ್ತದೆ. ಮಾತು ಗಾಳಿಗೆ ಹೋಗಿಬಿಡುತ್ತದೆ, ಚಿತ್ರ ಉಳಿಯುತ್ತದೆ. ಪಕ್ಕದವಳು ಆ ಫೋಟೊವನ್ನು ತನ್ನ ಫೋನಿಗೆ ಕಳಿಸಿಕೊಳ್ಳುತ್ತಾಳೆ.

ಈ ಸೀಮೆಗೇ ಸೇರಿದ ಒಂದು ಪ್ರಶ್ನೆಯೂ ಅಲ್ಲಿ ಏಳುತ್ತದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವೆಡೆ ಉರ್ದು, ಅಂಗನವಾಡಿಯಲ್ಲಿ ಕನ್ನಡ. "ಎರಡು ಭಾಷೆ ಬೇಡ, ಮಗು ಗೊಂದಲ ಮಾಡಿಕೊಳ್ಳುತ್ತೆ" ಎಂದು ಯಾರೋ ಹೇಳಿದ್ದಕ್ಕೆ ಅಜ್ಜಿ "ರಾ ನಾನ್ನಾ" ಎಂದು ಕರೆಯುವುದನ್ನೇ ಬಿಟ್ಟು ಮೊಮ್ಮಗನ ಮುಂದೆ ಮೂಕಿಯಂತೆ ಕೂರುತ್ತಾಳೆ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಯ ಮಾತು ಅಜ್ಜಿಯ ಬಾಯಲ್ಲೇ ಇರಲಿ. ಮಗುವಿಗೆ ಬೇಕಾದ್ದು ಮನಸ್ಸಿಟ್ಟು ಆಡುವ, ಚಿಕ್ಕ, ಸರಳ ಮಾತು. ಅದು ಯಾವ ಭಾಷೆಯದಾದರೂ ಸರಿ.

ಹೆತ್ತವರು ಹೀಗೆ ಒಬ್ಬರಿಗೊಬ್ಬರು ಆಗುವುದು ಹೊಸದಲ್ಲ. 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳನ್ನು ಕುರಿತು ಬರೆದ ಮೇಲೆ, ಪ್ರೀತಿ ತೋರದ ತಾಯಂದಿರಿಂದಲೇ ಹೀಗಾಗುತ್ತದೆಂಬ ಕ್ರೂರ ವಾದ ಬಹಳ ವರ್ಷ ಓಡಾಡಿತು. 1964ರಲ್ಲಿ ಅದನ್ನು ಪುಸ್ತಕ ಬರೆದು ಅಲ್ಲಗಳೆದ ಬರ್ನಾರ್ಡ್ ರಿಮ್ಲಂಡ್ ಸ್ವತಃ ಆಟಿಸಂ ಇದ್ದ ಮಗನ ತಂದೆ. ನಮ್ಮ ದೇಶದಲ್ಲಿ 1991ರಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಕಟ್ಟಿದ ದೆಹಲಿಯ ಮೇರಿ ಬರುವಾ ಕೂಡ ಒಬ್ಬ ತಾಯಿ. ಬೆಂಚಿನ ಮೇಲಿನ ಅಮ್ಮಂದಿರಿಗೆ ಈ ಹೆಸರುಗಳು ಗೊತ್ತಿಲ್ಲದಿರಬಹುದು. ಅವರು ಮಾಡುತ್ತಿರುವುದು ಅದೇ ಕೆಲಸ.

ಸರ್ಕಾರದ ಬಾಗಿಲುಗಳೂ ಇವೆ, ತಟ್ಟಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅಂದು ಮಗುವನ್ನು ಮನೆಯಲ್ಲಿ ಬಚ್ಚಿಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ನಮೂದಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಇರುವ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಒದಗುತ್ತದೆ, ಅದರಲ್ಲಿ ಥೆರಪಿಯೂ ಸೇರಿದೆ. ಅರ್ಜಿಯ ದಾರಿ ತೋರಿಸಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ.

ಇನ್ನು ಊರಿನವರಿಗೆ ಒಂದು ಮಾತು. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ನೀರೆಂದರೆ ಪ್ರಾಣ; ಕಣ್ತಪ್ಪಿಸಿ ಹೊರಟುಬಿಡುವುದೂ ಅವರ ಅಭ್ಯಾಸ. ಕೋಲಾರ ಜಿಲ್ಲೆಯ ತೋಟಗಳಲ್ಲಿ ಈಗ ಎಲ್ಲಿ ನೋಡಿದರೂ ಕೃಷಿಹೊಂಡ. ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಇಳಿದ ಮಗು ಮೇಲೆ ಹತ್ತಲಾರದು. ನಿಮ್ಮ ಹೊಂಡಕ್ಕೆ ಇಂದೇ ಬೇಲಿ ಹಾಕಿ, ಹಿಡಿದು ಹತ್ತಲು ಒಂದು ಹಗ್ಗ ಇಳಿಬಿಡಿ. ಒಂಟಿಯಾಗಿ ನಡೆದು ಹೋಗುವ ಮಗು ಕಂಡರೆ ಗದರಬೇಡಿ, ಜೊತೆಗೆ ನಡೆದು ಮನೆ ಮುಟ್ಟಿಸಿ. ಡೇರಿಯ ಸಾಲಿನಲ್ಲಿ ಕಿವಿ ಮುಚ್ಚಿಕೊಂಡ ಹುಡುಗ ಕಂಡರೆ ಅವನ ತಾಯಿಗೆ ಬುದ್ಧಿ ಹೇಳುವ ಬದಲು, "ನೀನು ಮುಂದೆ ಹೋಗಮ್ಮ" ಎಂದು ಜಾಗ ಬಿಡಿ. ಮದುವೆಗೆ, ಜಾತ್ರೆಗೆ ಅವರನ್ನು ಕರೆಯಿರಿ. ಬಂದರೆ ಸ್ಪೀಕರಿನಿಂದ ದೂರ ಕೂರಿಸಿ. ಆ ಮನೆಯವರು ಎಷ್ಟು ಕಷ್ಟವನ್ನಾದರೂ ತಾಳಿಕೊಳ್ಳುತ್ತಾರೆ. ಊರು ಕೈಬಿಟ್ಟರೆ ತಾಳಲಾರರು.