ಬಂಡೆ ಹತ್ತುವ ಬಂಡಿ

ಆಟಿಕೆಯೆಂದರೆ ಅಂಗಡಿಯಿಂದ ಕೊಂಡು ತರುವ ವಸ್ತು ಎಂಬ ಭಾವನೆ, ಊರು ಬಿಟ್ಟು ದೊಡ್ಡ ಪಟ್ಟಣಗಳನ್ನು ಸೇರಿದ ನಮ್ಮಂಥವರ ಮನೆಗಳಲ್ಲಿ ಬೇರೂರಿಬಿಟ್ಟಿದೆ. ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ. ಧಾರವಾಡ, ವಿಜಯಪುರದ ಕಡೆಯ ಹಳ್ಳಿಗಳಲ್ಲಿ ಜೋಳದ ದಂಟು ಸಿಗಿದು ಚಕ್ಕಡಿ ಕಟ್ಟದ ಹುಡುಗ ಅಪರೂಪವಾಗಿದ್ದ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಆ ಚಕ್ಕಡಿಗೆ ಎರೆಮಣ್ಣಿನ ಎತ್ತುಗಳೂ ಸಿದ್ಧ. ಮಾಡುವುದೇ ಅರ್ಧ ಆಟ, ಆಡುವುದು ಉಳಿದರ್ಧ. ಜೋಳದ ಹೊಲವೂ ಎರೆಮಣ್ಣೂ ಇಲ್ಲದ ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಆ ಮೊದಲರ್ಧದ ಸುಖ ತಪ್ಪಿಹೋಗಬೇಕೆ? ಬೇಕಿಲ್ಲ ಎಂಬುದೇ ನಮ್ಮ ಅನುಭವ. ಅದಕ್ಕೆ ಸಾಕ್ಷಿಯಾಗಿ ನಾವು ಮನೆಯಲ್ಲಿಯೇ ಕಟ್ಟಿದ ಒಂದು ಬಂಡಿಯ ವೃತ್ತಾಂತವನ್ನು ಇಲ್ಲಿ ಕೊಡುತ್ತಿದ್ದೇವೆ.

‘ರಾಕ್ ಕ್ರಾಲರ್’ ಎಂಬ ಹೆಸರಿನ ಆಟದ ಬಂಡಿಯನ್ನು ಕೆಲವರಾದರೂ ನೋಡಿರಬಹುದು. ದೂರದಿಂದ ರೇಡಿಯೋ ಅಲೆಗಳ ಮೂಲಕ ನಡೆಸುವ ಬಂಡಿ ಇದು. ಆದರೆ ಇತರ ಆಟದ ಕಾರುಗಳಂತೆ ಓಡುವುದಿಲ್ಲ. ಕಲ್ಲು ಬಂಡೆಗಳ ಮೇಲೆ ಆಮೆಯಂತೆ ಒಂದೊಂದೇ ಹೆಜ್ಜೆಯಿಟ್ಟು ಹತ್ತುತ್ತದೆ, ಇಳಿಯುತ್ತದೆ. ಅಂಗಡಿಯಲ್ಲಿ ಒಳ್ಳೆಯದೊಂದನ್ನು ಕೇಳಿದರೆ ಹತ್ತಿಪ್ಪತ್ತು ಸಾವಿರ ರೂಪಾಯಿ, ಅದಕ್ಕೂ ಮಿಗಿಲು ಬೆಲೆ. ಶಾಲೆಯ ಶುಲ್ಕ, ಮನೆ ಬಾಡಿಗೆ, ಊರಿಗೆ ಕಳಿಸುವ ಹಣ ಇವನ್ನೆಲ್ಲ ಕಳೆದು ತಿಂಗಳ ಕೊನೆಗೆ ಉಳಿಯುವ ಹಣದಲ್ಲಿ ಅದು ಆಗದ ಮಾತು. ಮಕ್ಕಳಿಬ್ಬರಿಗೂ ಲೆಕ್ಕ ಬಿಡಿಸಿ ಹೇಳಿದೆವು. ಎರಡು ಸಾವಿರ ರೂಪಾಯಿ ಮೀರದಂತೆ ಆದರೆ ಮಾಡೋಣ, ಇಲ್ಲವಾದರೆ ಬೇಡ ಎಂದು ಒಪ್ಪಂದವಾಯಿತು.

ನಿಧಾನವೇ ಇದರ ಗುಣ

ಬಡವರ ಪಾಲಿಗೆ ಈ ಬಂಡಿ ಒದಗಿಬರುವುದಕ್ಕೆ ಒಂದು ಕಾರಣವಿದೆ. ವೇಗಕ್ಕೆ ಹಣ ಬೇಕು. ಬಲವಾದ ಮೋಟಾರು, ದೊಡ್ಡ ಬ್ಯಾಟರಿ, ನಯವಾದ ಗೇರು ಎಲ್ಲವೂ ದುಬಾರಿ. ನಿಧಾನಕ್ಕೆ ಅಷ್ಟು ಬೇಡ. ಘಾಟಿ ಹತ್ತುವಾಗ ಬಸ್ಸಿನ ಚಾಲಕ ಮೊದಲನೆಯ ಗೇರಿಗೆ ಬರುವುದನ್ನು ಆಗುಂಬೆಯಲ್ಲಾಗಲಿ ಖಂಡಾಲದಲ್ಲಾಗಲಿ ಎಲ್ಲರೂ ಕಂಡಿದ್ದೇವೆ. ಒಳಗಿನ ಯಂತ್ರ ಭರದಿಂದ ತಿರುಗುತ್ತಿದ್ದರೂ ಗಾಲಿ ಮೆಲ್ಲಗೆ ಉರುಳುತ್ತದೆ. ಕಳೆದುಕೊಂಡ ವೇಗವೆಲ್ಲ ತಿರುಗಿಸುವ ಬಲವಾಗಿ ಗಾಲಿಗೆ ಸೇರುತ್ತದೆ. ಹೀಗೆ ಹಲ್ಲುಗಾಲಿಗಳ ನೆರವಿದ್ದರೆ ಪುಟ್ಟ ಮೋಟಾರು ಕೂಡ ತನಗಿಂತ ಭಾರವಾದುದನ್ನು ಎತ್ತಬಲ್ಲುದು.

ಪೇಟೆಯಲ್ಲಿ ‘ಬಿ.ಓ. ಮೋಟಾರು’ ಎಂದು ಕೇಳಿದರೆ ಹಳದಿ ಪ್ಲಾಸ್ಟಿಕ್ಕಿನ ಗೇರು ಪೆಟ್ಟಿಗೆಯುಳ್ಳ ಅಗ್ಗದ ಮೋಟಾರು ಕೊಡುತ್ತಾರೆ. ಅದರಲ್ಲಿ ನಿಮಿಷಕ್ಕೆ 60, 100, 150, 200, 300 ಸುತ್ತಿನ ಬಗೆಗಳಿವೆ. ಹೆಚ್ಚು ಸುತ್ತಿನದೇ ಮೇಲೆಂದು ಮಕ್ಕಳು ಹಟ ಹಿಡಿಯುವುದು ಸಹಜ. ನಮಗೆ ಬೇಕಾದುದು 60 ಸುತ್ತಿನದೇ. ಅದರ ಜೊತೆಗೆ ಸಿಗುವ ಗಾಲಿಯ ವ್ಯಾಸ 65 ಮಿಲಿಮೀಟರು. ಸುತ್ತಳತೆ ಸುಮಾರು 20 ಸೆಂಟಿಮೀಟರು. ಸೆಕೆಂಡಿಗೆ ಒಂದು ಸುತ್ತು ಎಂದರೆ ಬಂಡಿಯ ವೇಗ ಸೆಕೆಂಡಿಗೆ 20 ಸೆಂಟಿಮೀಟರು. ಬಂಡೆ ಹತ್ತಲು ಇಷ್ಟೇ ಸಾಕು. ಇನ್ನೂ ಕಡಿಮೆಯಾದರೂ ಚಿಂತೆಯಿಲ್ಲ.

ಅಡುಗೆಮನೆಯ ಮಣೆ, ಸೈಕಲ್ಲಿನ ಟ್ಯೂಬು

ಬಂಡಿಯ ಮೈಗೆ ನಾವು ಬಳಸಿದ್ದು ತರಕಾರಿ ಹೆಚ್ಚುವ ಹಳೆಯ ಪ್ಲಾಸ್ಟಿಕ್ ಮಣೆ. ಗರಗಸದಿಂದ ಸುಲಭವಾಗಿ ಕೊಯ್ಯಲು ಬರುತ್ತದೆ, ರಂಧ್ರ ಕೊರೆದರೆ ಸೀಳುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಅಡುಗೆಮನೆಯ ಅಪ್ಪಣೆ ಪಡೆದು ತೆಗೆದುಕೊಳ್ಳುವುದು ಕ್ಷೇಮ! ಅದಿಲ್ಲವಾದರೆ ಜಾರುಕಿಟಕಿಯ ಹಳೆಯ ಅಲ್ಯೂಮಿನಿಯಂ ಪಟ್ಟಿ ಗುಜರಿಯಲ್ಲಿ ಸಿಗುತ್ತದೆ.

ಮಣೆಯಿಂದ ಮೂರು ತುಂಡು ಮಾಡಬೇಕು. ಎರಡು ಅಡ್ಡಪಟ್ಟಿಗಳು, ಅವೆರಡನ್ನೂ ಸೇರಿಸುವ ಒಂದು ನಡುಪಟ್ಟಿ. ಪ್ರತಿಯೊಂದು ಅಡ್ಡಪಟ್ಟಿಯ ಎರಡೂ ತುದಿಗೆ ಒಂದೊಂದು ಮೋಟಾರು. ಹೀಗೆ ನಾಲ್ಕು ಗಾಲಿಗೆ ನಾಲ್ಕು ಮೋಟಾರು. ಎಡಬಲದ ಗಾಲಿಗಳ ನಡುವೆ 20 ಸೆಂಟಿಮೀಟರು, ಹಿಂದುಮುಂದಿನ ಗಾಲಿಗಳ ನಡುವೆ 18 ಸೆಂಟಿಮೀಟರು ಇಟ್ಟೆವು. ಹಿಂದಿನ ಅಡ್ಡಪಟ್ಟಿಯನ್ನು ನಡುಪಟ್ಟಿಗೆ ಬಿಗಿಯಾಗಿ ಕೂಡಿಸಬೇಕು. ಮುಂದಿನದನ್ನು ಮಾತ್ರ ಸರಿಯಾಗಿ ಮಧ್ಯದಲ್ಲಿ ಒಂದೇ ಬೋಲ್ಟಿನ ಮೇಲೆ ತೂಗಾಡುವಂತೆ ಬಿಡಬೇಕು.

ಈ ಒಂದು ಬೋಲ್ಟಿನಲ್ಲಿಯೇ ಬಂಡಿಯ ಗುಟ್ಟೆಲ್ಲ ಅಡಗಿದೆ. ಮೂರು ಕಾಲಿನ ಮುಕ್ಕಾಲಿ ಎಂಥ ನೆಲದಲ್ಲಿಯೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮೇಜು ಡುಗುಡುಗು ಎನ್ನುತ್ತದೆ. ನಾಲ್ಕು ಗಾಲಿಯ ಬಂಡಿಗೂ ಇದೇ ತೊಂದರೆ. ಏರುಪೇರಿನ ಕಲ್ಲಿನ ಮೇಲೆ ಒಂದು ಗಾಲಿ ಗಾಳಿಯಲ್ಲಿ ತೇಲಿ ವ್ಯರ್ಥವಾಗಿ ತಿರುಗುತ್ತದೆ. ಮುಂದಿನ ಅಚ್ಚು ತೂಗಾಡಿದರೆ ಒಂದು ಗಾಲಿ ಕಲ್ಲಿನ ಮೇಲೇರಿದಾಗ ಜೊತೆಯ ಗಾಲಿ ತಾನಾಗಿ ಕೆಳಗಿಳಿದು ನೆಲ ಹಿಡಿಯುತ್ತದೆ. ಹೊಲದಲ್ಲಿ ಉಳುವ ಟ್ರ್ಯಾಕ್ಟರಿನ ಮುಂದಿನ ಅಚ್ಚೂ ಹೀಗೆಯೇ ಮಧ್ಯದ ಕೀಲಿನ ಮೇಲೆ ತೂಗಾಡುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಇನ್ನು ಗಾಲಿಯ ಮಾತು. ಅಂಗಡಿಯ ಗಾಲಿಗೆ ಇರುವ ತೆಳುವಾದ ರಬ್ಬರು ಕಲ್ಲಿನ ಮೇಲೆ ಜಾರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬು ಕೇಳಿದರೆ ಬಿಟ್ಟಿಯಾಗಿ ಕೊಡುತ್ತಾರೆ. ಗಾಲಿಗೆ ಮೊದಲು ಒಂದು ಸುತ್ತು ತೆಳುವಾದ ಸ್ಪಂಜು, ಅದರ ಮೇಲೆ ಟ್ಯೂಬಿನ ಪಟ್ಟಿ, ಅದರ ಮೇಲೆ ಅಡ್ಡಲಾಗಿ ಬೆರಳಗಲದ ತುಂಡುಗಳನ್ನು ರಬ್ಬರಿನ ಅಂಟಿನಿಂದ ಕೂಡಿಸಿದರೆ ಮೆತ್ತನೆಯ ಗಾಲಿ ಸಿದ್ಧ. ಮೆತ್ತಗಿದ್ದಷ್ಟೂ ಗಾಲಿ ಕಲ್ಲಿನ ಮೂಲೆಯನ್ನು ಅಪ್ಪಿ ಹಿಡಿಯುತ್ತದೆ.

ಭಾರ ಎಲ್ಲಿರಬೇಕೆಂಬುದೂ ಮುಖ್ಯ. ಬಂಡಿ ಪಕ್ಕಕ್ಕೆ ಎಷ್ಟು ವಾಲಿದರೆ ಉರುಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ನಮ್ಮ ಬಂಡಿಯ ಅಗಲದ ಅರ್ಧ 10 ಸೆಂಟಿಮೀಟರು. ಅದರ ಭಾರದ ಕೇಂದ್ರ ನೆಲದಿಂದ 10 ಸೆಂಟಿಮೀಟರು ಮೇಲಿದ್ದರೆ 45 ಡಿಗ್ರಿ ವಾಲಿದೊಡನೆ ಉರುಳಬೇಕು. ಕೇಂದ್ರವನ್ನು 5 ಸೆಂಟಿಮೀಟರಿಗೆ ಇಳಿಸಿದರೆ 63 ಡಿಗ್ರಿಯವರೆಗೂ ನಿಲ್ಲುತ್ತದೆ. ಆದ್ದರಿಂದ ಎಲ್ಲಕ್ಕಿಂತ ಭಾರವಾದ ಬ್ಯಾಟರಿಯನ್ನು ಮುಂದಿನ ಅಡ್ಡಪಟ್ಟಿಗೇ, ಆದಷ್ಟು ಕೆಳಗೆ ಕಟ್ಟಿದೆವು. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ ಮುಂದಿನ ಗಾಲಿಗೆ ಹೆಚ್ಚು ಹೊರೆ ಇರುವುದು ಒಳ್ಳೆಯದು.

ತಂತಿಯಿಲ್ಲದ ಲಗಾಮು

ತಂತಿಯಿಲ್ಲದೆ ಆಜ್ಞೆ ಕಳಿಸುವ ವಿದ್ಯೆ ಹೊಸತೇನಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಅದೃಶ್ಯ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನೀರಿನ ತೊಟ್ಟಿಯಲ್ಲಿ ಹೀಗೆಯೇ ನಡೆಸಿದ. ನಮ್ಮ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಹುರುಪಿನಿಂದ ಬಾನುಲಿ ಕೇಂದ್ರವನ್ನು ತೆರೆದುದನ್ನೂ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದುದನ್ನೂ ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಒಂದು ಕಾಲಕ್ಕೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲೂ ಪರವಾನಗಿಗೆ ಹಣ ಕಟ್ಟಬೇಕಾಗಿತ್ತು. ಈಗ 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಇಂಥ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಕಿಲ್ಲ.

ಹವ್ಯಾಸಿಗಳು ಬಳಸುವ ರೇಡಿಯೋ ನಿಯಂತ್ರಕವೊಂದಕ್ಕೇ ನಮ್ಮ ಹಣವೆಲ್ಲ ಹೋಗುತ್ತಿತ್ತು. ಅದರ ಬದಲು ‘ಇ.ಎಸ್.ಪಿ. 32’ ಎಂಬ ಬೆರಳುದ್ದದ ಹಲಗೆಯನ್ನು ತಂದೆವು. ಅದು ತಾನೇ ಪುಟ್ಟ ವೈಫೈ ಕೇಂದ್ರವಾಗುತ್ತದೆ. ಮನೆಯ ಯಾವುದೇ ಮೊಬೈಲು ಅದಕ್ಕೆ ಜೋಡಣೆಯಾದರೆ ಪರದೆಯ ಮೇಲೆ ಗುಂಡಿಗಳು ಮೂಡುತ್ತವೆ. ಇಂಟರ್‌ನೆಟ್ಟಿನ ಅಗತ್ಯವಿಲ್ಲ. ಇದಕ್ಕೆ ಸೂಚನೆ ಬರೆಯುವ ಆರ್ಡುಯಿನೊ ತಂತ್ರಾಂಶ ಉಚಿತ. ಗುಂಡಿಗಳ ಮೇಲೆ ಯಾವ ಭಾಷೆಯನ್ನಾದರೂ ಬರೆಯಬಹುದಾದ್ದರಿಂದ ನಮ್ಮ ಬಂಡಿಗೆ ‘ಮುಂದೆ’, ‘ಹಿಂದೆ’, ‘ಎಡಕ್ಕೆ’, ‘ಬಲಕ್ಕೆ’, ‘ನಿಲ್ಲು’ ಎಂದೇ ಬರೆದೆವು. ಬಂಡಿಯಿಂದ ಸಂಪರ್ಕ ತಪ್ಪಿ ಅರ್ಧ ಸೆಕೆಂಡಾದರೆ ಮೋಟಾರುಗಳು ತಾವೇ ನಿಲ್ಲುವಂತೆ ಸೂಚನೆಯಲ್ಲಿ ಸೇರಿಸಲೇಬೇಕು. ಇಲ್ಲವಾದರೆ ಬಂಡಿ ಮಹಡಿಯಿಂದ ಬಿದ್ದೀತು.

ಈ ಹಲಗೆ ಮೋಟಾರನ್ನು ನೇರವಾಗಿ ತಿರುಗಿಸಲಾರದು. ನಡುವೆ ‘ಎಲ್ 298 ಎನ್’ ಎಂಬ ಇನ್ನೊಂದು ಹಲಗೆ ಬೇಕು. ಎಡಗಡೆಯ ಎರಡು ಮೋಟಾರು ಒಂದು ಕಡೆಗೆ, ಬಲಗಡೆಯ ಎರಡು ಇನ್ನೊಂದು ಕಡೆಗೆ. ಎಡ ನಿಂತು ಬಲ ತಿರುಗಿದರೆ ಬಂಡಿ ಎಡಕ್ಕೆ ಹೊರಳುತ್ತದೆ. ಎತ್ತಿನ ಬಂಡಿಯಲ್ಲಿ ಒಂದು ಎತ್ತನ್ನು ತಡೆದು ಇನ್ನೊಂದನ್ನು ಹೊಡೆದಂತೆ. ಹಲಗೆ ಎರಡು ವೋಲ್ಟಿನಷ್ಟನ್ನು ತಾನೇ ನುಂಗುತ್ತದೆ. ಎರಡು ಲಿಥಿಯಂ ಸೆಲ್ಲುಗಳಿಂದ ಬರುವ 7.4 ವೋಲ್ಟಿನಲ್ಲಿ ಮೋಟಾರಿಗೆ ಸುಮಾರು ಐದೂವರೆ ಉಳಿಯುತ್ತದೆ. ಅದಕ್ಕೆ ಅದು ಹಿತವೇ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ‘18650’ ಎಂಬ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ 2000ದಿಂದ 3500 ಮಿಲಿಆಂಪಿಯರ್-ಗಂಟೆಯವರೆಗೆ ಸಾಮರ್ಥ್ಯವಿರುತ್ತದೆ. ಮೈಮೇಲೆ 9900 ಎಂದು ಅಚ್ಚಾಗಿದ್ದರೆ ಅದು ಸುಳ್ಳೆಂದೇ ತಿಳಿಯಿರಿ. ಪ್ರತಿಯೊಂದನ್ನೂ ಅದಕ್ಕೆಂದೇ ಇರುವ ಚಾರ್ಜರಿನಲ್ಲಿ ಬೇರೆ ಬೇರೆಯಾಗಿ, ದೊಡ್ಡವರ ಕಣ್ಣೆದುರಿಗೇ ತುಂಬಿಸಬೇಕು. 4.2 ವೋಲ್ಟು ಮೀರಕೂಡದು. 3 ವೋಲ್ಟಿಗಿಂತ ಕೆಳಗೆ ಇಳಿಯಕೂಡದು. ಬ್ಯಾಟರಿಯ ತಂತಿಗೆ 5 ಆಂಪಿಯರಿನ ಒಂದು ಫ್ಯೂಸು ಹಾಕುವುದನ್ನು ಮರೆಯಬೇಡಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ; ಸೀಸವಿರುವ ಬೆಸುಗೆಯಾದ್ದರಿಂದ ಕೆಲಸ ಮುಗಿದೊಡನೆ ಮಕ್ಕಳು ಕೈ ತೊಳೆಯಲಿ.

ಖರ್ಚಿನ ಲೆಕ್ಕ

ನಾಲ್ಕು ಮೋಟಾರು, ನಾಲ್ಕು ಗಾಲಿ — 440 ರೂ.
ಇ.ಎಸ್.ಪಿ. ಹಲಗೆ — 450 ರೂ.
ಮೋಟಾರು ನಡೆಸುವ ಹಲಗೆ — 160 ರೂ.
ಸೆಲ್ಲು ಎರಡು, ಅವುಗಳ ಗೂಡು — 300 ರೂ.
ಚಾರ್ಜರು — 220 ರೂ.
ತಂತಿ, ಸ್ವಿಚ್ಚು, ಫ್ಯೂಸು, ನಟ್ಟು ಬೋಲ್ಟು — 130 ರೂ.
ಒಟ್ಟು — 1,700 ರೂ.

ಅಂಗಡಿಯಿಂದ ಅಂಗಡಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಡಿಮೆಯಾದೀತು. ಬೆಸುಗೆಯ ಕಡ್ಡಿಯನ್ನು ನೆರೆಮನೆಯಿಂದ ಎರವಲು ತಂದೆವು. ಈ ಸಾಮಾನುಗಳು ಮುಂಬಯಿಯಲ್ಲಿ ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಪುಣೆಯ ಬುಧವಾರ ಪೇಠೆಯಲ್ಲಿ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲಿ, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ, ದಿಲ್ಲಿಯ ಕೆಂಪುಕೋಟೆಯ ಎದುರಿನ ಲಾಜಪತ ರಾಯ ಮಾರ್ಕೆಟ್ಟಿನಲ್ಲಿ ದೊರೆಯುತ್ತವೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ನಾಲ್ಕು ಕಡೆ ಬೆಲೆ ವಿಚಾರಿಸುವುದೂ ಒಂದು ವಿದ್ಯೆ.

ಕಡೆಗೀಲಿನ ಪಾಠ

ಈ ಕೆಲಸದಲ್ಲಿ ನಾವು ಎಣಿಸದಿದ್ದ ಒಂದು ಲಾಭವೂ ಆಯಿತು. ನಮ್ಮ ಮಕ್ಕಳ ಕನ್ನಡ ಊಟದ ಮನೆಯಲ್ಲಿ, ದೇವರ ಮುಂದೆ, ಅಜ್ಜಿಯೊಡನೆ ಫೋನಿನಲ್ಲಿ ಮಾತ್ರ ಉಳಿದಿತ್ತು. ಯಂತ್ರ, ಲೆಕ್ಕ, ಶಾಲೆ ಎಂದೊಡನೆ ಮಾತು ಇಂಗ್ಲಿಷಿಗೋ ಹಿಂದಿಗೋ ಜಾರುತ್ತಿತ್ತು. ಊರಿನಿಂದ ಬಂದಿದ್ದ ಅಜ್ಜ ಬಂಡಿಯ ಕೆಲಸಕ್ಕೆ ತಾವೂ ಕುಳಿತರು. ವೈಫೈ ಅವರಿಗೆ ತಿಳಿಯದು. ಗಾಲಿ ಚೆನ್ನಾಗಿ ತಿಳಿದಿತ್ತು. ಅಚ್ಚು ಯಾವುದು, ಗಾಲಿಯ ನಡುವಿನ ಗುಂಬ ಯಾವುದು, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡೆಗೀಲು ಯಾವುದು ಎಂದು ಒಂದೊಂದನ್ನೇ ತೋರಿಸಿದರು. ಮೋಟಾರಿನ ದಂಡಕ್ಕೆ ಗಾಲಿಯನ್ನು ಹಿಡಿದಿಡುವ ಸಣ್ಣ ತಿರುಪಿಗೆ ಮಗಳು ಈಗ ಕಡೆಗೀಲು ಎಂದೇ ಹೇಳುತ್ತಾಳೆ. “ಅಜ್ಜಾ, ಕಡೆಗೀಲು ಸಡಿಲಾಗೇದ” ಎಂದು ಅವಳು ಕೂಗಿದ ದಿನ ಅಜ್ಜನಿಗಾದ ಸಂತೋಷ ಅಷ್ಟಿಷ್ಟಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದಾಗ ಬಂದ ಮಾತು ಬೇಗ ಮರೆಯುವುದಿಲ್ಲ. ನಿಘಂಟಿನಲ್ಲಿ ಮಲಗಿದ್ದ ಮಾತು ಹೀಗೆ ಮನೆಗೆ ಮರಳುತ್ತದೆ.

ಎಲ್ಲಿ ಓಡಿಸಬೇಕು?

ಎರಡು ಕೋಣೆಯ ಮನೆಯಲ್ಲಿಯೂ ಜಾಗಕ್ಕೆ ಕೊರತೆಯಿಲ್ಲ. ಪುಸ್ತಕದ ರಾಶಿ, ದಿಂಬು, ನಾಲ್ಕು ಇಟ್ಟಿಗೆ ಸಾಕು. ಗಾಲಿಯ ಅರ್ಧ ಎತ್ತರದ, ಅಂದರೆ ಸುಮಾರು 3 ಸೆಂಟಿಮೀಟರಿನ ಅಡೆತಡೆಯಿಂದ ಆರಂಭಿಸಿ. ಮೆಟ್ಟಿಲು ಹತ್ತೀತೆಂಬ ಆಸೆ ಬೇಡ. ಅದಕ್ಕೆ ಇದಕ್ಕಿಂತ ಬಹಳ ದೊಡ್ಡ ಗಾಲಿ ಬೇಕು. ಮುಂಬಯಿ, ಪುಣೆಯ ಸುತ್ತಿನ ಕಪ್ಪು ಕಲ್ಲಿಗೂ ಚಿತ್ರದುರ್ಗ, ರಾಮನಗರದ ಹರಳು ಹರಳಾದ ಬಂಡೆಗೂ ಹಿಡಿತದಲ್ಲಿ ವ್ಯತ್ಯಾಸವುಂಟು. ರಜೆಯಲ್ಲಿ ಊರಿಗೆ ಒಯ್ದರೆ ಮಕ್ಕಳೇ ಕಂಡುಕೊಳ್ಳುತ್ತಾರೆ. ಕೋಟೆ ಗುಡಿಗಳ ಕಲ್ಲುಗಳ ಮೇಲೆ ಮಾತ್ರ ಓಡಿಸಬಾರದು. ಕಡಲ ದಂಡೆಯ ಉಪ್ಪುನೀರೂ ಮಳೆಯೂ ಬಂಡಿಗೆ ಆಗದು.

ನಡೆಸುವವರಿಗೆ ಬೇಕಾದುದು ತಾಳ್ಮೆ. ಕಲ್ಲಿಗೆ ಎದುರಾಗಿ ನಿಂತ ಬಂಡಿಯನ್ನು ರಭಸದಿಂದ ನುಗ್ಗಿಸಿದರೆ ಮಗುಚುತ್ತದೆ, ಇಲ್ಲವೆ ಗೇರಿನ ಹಲ್ಲು ಮುರಿಯುತ್ತದೆ. ಒಂದು ಕ್ಷಣ ನಿಂತು, ಯಾವ ಗಾಲಿ ಯಾವ ಕಲ್ಲನ್ನು ಹಿಡಿಯಬೇಕೆಂದು ನೋಡಿ, ಬೇಕಾದರೆ ಹಿಂದೆ ಸರಿದು, ಓರೆಯಾಗಿ ಬಂದು ಹತ್ತಿಸಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತಷ್ಟೆ? ಅದರಿಂದ ಹೊರಬಂದ ‘ಪ್ರಜ್ಞಾನ’ ಬಂಡಿಗೆ ಆರು ಗಾಲಿ, 26 ಕಿಲೋ ತೂಕ. ಏರುಪೇರಿನ ನೆಲದಲ್ಲಿಯೂ ಗಾಲಿಗಳೆಲ್ಲ ನೆಲ ಬಿಡದಂತೆ ಅದರಲ್ಲಿಯೂ ಕೀಲುಗಳಿದ್ದವು. ಅದರ ವೇಗ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರು. ಒಟ್ಟು ನಡೆದದ್ದು ನೂರು ಮೀಟರಿಗಿಂತ ಕೊಂಚ ಹೆಚ್ಚು. ನಮ್ಮ ಬಂಡಿ ಅದರ ಇಪ್ಪತ್ತರಷ್ಟು ವೇಗದ್ದು ಎಂದು ಮಗ ಬೀಗುತ್ತಾನೆ! ಆದರೆ ಅಷ್ಟು ನಿಧಾನವಾಗಿ ನಡೆದೂ ಲೋಕವೇ ಬೆರಗಾಗುವಂಥ ಕೆಲಸ ಮಾಡಿದ್ದನ್ನು ಅವನೂ ಮರೆತಿಲ್ಲ.

ಓದುಗ ಬಂಧುಗಳಲ್ಲಿ ಇದನ್ನು ಕಟ್ಟಲು ಮನಸ್ಸುಳ್ಳವರು ನಾಲ್ಕು ಭಾನುವಾರಗಳನ್ನು ಮೀಸಲಿಡಲಿ. ಒಂದು ಮೈಗೆ, ಒಂದು ಗಾಲಿಗೆ, ಒಂದು ತಂತಿಗೆ, ಒಂದು ತಿದ್ದುಪಡಿಗೆ. ಮಕ್ಕಳಿಗೆ ಈ ಆಟ ಬೇಸರವಾದ ದಿನ ಬಂಡಿಯನ್ನು ಬಿಚ್ಚಿದರೆ ಅದೇ ಮೋಟಾರು, ಅದೇ ಹಲಗೆ, ಅದೇ ಸೆಲ್ಲುಗಳಿಂದ ಮತ್ತೊಂದು ಯಂತ್ರ ಹುಟ್ಟುತ್ತದೆ. ಅಂಗಡಿಯ ಆಟಿಕೆ ಮುರಿದರೆ ಕಸದ ಬುಟ್ಟಿಗೆ. ಮನೆಯ ಆಟಿಕೆ ಮುರಿದರೆ ಮತ್ತೆ ಕೆಲಸದ ಮಣೆಗೆ.