ಮರದ ದೋಣಿಗೆ ಬಣ್ಣ ಬಳಿಯುವ ಮುನ್ನ

ಬಿಜೂರು, ಉಪ್ಪುಂದ, ಕೊಡೇರಿ, ಮರವಂತೆ ಕಡೆ ಈಗ ಕಡಲಿಗೆ ಇಳಿಯುವ ದೋಣಿಗಳಲ್ಲಿ ಹೆಚ್ಚಿನವು ಫೈಬರಿನವು. ಆದರೂ ಹೊಳೆಯಲ್ಲಿ ಬಲೆ ಬೀಸಲು, ಮರುವಾಯಿ ತೆಗೆಯಲು ಮರದ ದೋಣಿಯನ್ನೇ ನಂಬಿದ ಮನೆಗಳಿವೆ. ನಮ್ಮವರಲ್ಲಿ ಹಳೆಯ ದೋಣಿ ಕೊಂಡು, ರಿಪೇರಿ ಮಾಡಿ ಮಾರುವವರೂ ಇದ್ದಾರೆ. ಹಾಗಾಗಿ ಬಣ್ಣದ ವಿಷಯ ನಮಗೆ ದೂರದ್ದಲ್ಲ.

"ಬಣ್ಣ ಒಂದ್ ಹೊಡ್ದ್ರೆ ಸಾಕ್" ಅಂತ ಸಾಮಾನ್ಯವಾಗಿ ಹೇಳ್ತಾರೆ. ಸಾಲದು. ಒದ್ದೆ ಮರದ ಮೇಲೆ ಎಷ್ಟೇ ಬೆಲೆಯ ಬಣ್ಣ ಹಚ್ಚಿದರೂ ಒಳಗಿನ ತೇವ ಬಿಸಿಲಿಗೆ ಹೊರಬರುವಾಗ ಅದು ಗುಳ್ಳೆ ಎದ್ದು ಸುಲಿದು ಹೋಗುತ್ತದೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಆಗಲೇ ಬಣ್ಣ ಹೊಡೆಯೋಣ ಅನಿಸುವುದು ಸಹಜ. ಆದರೆ ಅದು ಮಳೆಗಾಲ. ಮರದ ದೋಣಿಗೆ ಏಪ್ರಿಲ್-ಮೇ ತಿಂಗಳ ಒಣ ದಿನಗಳೇ ಒಳ್ಳೆಯದು.

ಮೊದಲು ಪರೀಕ್ಷೆ

ದೋಣಿಯನ್ನು ಮೇಲಕ್ಕೆ ಎಳೆದ ಕೂಡಲೇ ಪಾಚಿ, ಚಿಪ್ಪು ಕೆರೆದು, ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಕೆಲವು ದಿನ ನೆರಳಲ್ಲಿ ಒಣಗಿಸಿ, ಚೂರಿಯ ಮೊನೆಯಿಂದ ಹಲಗೆಗಳನ್ನು ಚುಚ್ಚಿ ನೋಡಿ. ಮೊನೆ ಮೆತ್ತಗೆ ಇಳಿದರೆ ಅಲ್ಲಿ ಮರ ಕೊಳೆತಿದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಹುಳು ತಿಂದಿರಬಹುದು. ಅಂಥ ಹಲಗೆ ಬದಲಾಗಬೇಕು, ಬಣ್ಣ ಅದಕ್ಕೆ ಮದ್ದಲ್ಲ. ಸಂದುಗಳ ಹತ್ತಿಯನ್ನೂ ಆಗಲೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಹೆಚ್ಚಾಗಿ ದೋಣಿಯೊಳಗೆ ನಿಲ್ಲುವ ಮಳೆನೀರು. ಒಳಬದಿಗೆ ದಪ್ಪ ಬಣ್ಣ ಹೊಡೆದು ಮುಚ್ಚುವುದಕ್ಕಿಂತ, ಹಿರಿಯರು ಮಾಡುತ್ತಿದ್ದಂತೆ ಎಣ್ಣೆ ಹಚ್ಚಿ ಗಾಳಿ ಆಡಲು ಬಿಡುವುದು ಲೇಸು. ಹಿಂದೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಸುತ್ತಿದ್ದರು.

ಯಾವ ಬಣ್ಣ?

ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾಡಿದ್ದು. ಮರಕ್ಕೆ ಮರದ ಪ್ರೈಮರ್ ಬೇಕು. ಮೊದಲ ಕೋಟನ್ನು ಸ್ವಲ್ಪ ತೆಳು ಮಾಡಿದರೆ ಮರದೊಳಗೆ ಇಳಿಯುತ್ತದೆ. ನೀರಿನ ಮಟ್ಟದ ಮೇಲಕ್ಕೆ ಎನಾಮೆಲ್ ನಡೆಯುತ್ತದೆ. ಮಟ್ಟದ ಕೆಳಗೆ ತಾಮ್ರದ ಆಕ್ಸೈಡ್ ಇರುವ ಆ್ಯಂಟಿಫೌಲಿಂಗ್ ಬಣ್ಣ ಬೇಕು. ಅದರ ತಾಮ್ರ ನಿಧಾನವಾಗಿ ನೀರಿಗೆ ಬಿಡುತ್ತಾ ಚಿಪ್ಪು, ಹುಳು ಅಂಟದಂತೆ ತಡೆಯುತ್ತದೆ. ಎರಡು ಕೋಟು ಹಾಕಿ, ನೀರು ಹೆಚ್ಚು ಉಜ್ಜುವ ಮೂತಿ, ಅಡಿಮರ, ಚುಕ್ಕಾಣಿಗೆ ಮತ್ತೊಂದು ಕೋಟು ಕೊಡಿ. ಬಣ್ಣ ಹಚ್ಚಿ ಎಷ್ಟು ದಿನದೊಳಗೆ ನೀರಿಗೆ ಇಳಿಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ.

ದಿನವೂ ದಡಕ್ಕೆ ಎಳೆದಿಡುವ ದೋಣಿಗೆ ಈ ದುಬಾರಿ ಬಣ್ಣ ಬೇಕಿಲ್ಲ. ಒಣಗುವ ಮರದ ಮೇಲೆ ಚಿಪ್ಪು ಬೆಳೆಯುವುದಿಲ್ಲ. ಆ ದುಡ್ಡು ಉಳಿಸಿ ಒಳ್ಳೆಯ ಪ್ರೈಮರಿಗೆ ಹಾಕಬಹುದು.

ಹಳೆಯ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿದರೆ ಆ ಧೂಳು ಉಸಿರಿಗೆ ವಿಷ. ನೀರು ಹಚ್ಚಿ ಉಜ್ಜಿ, ಮುಖಕ್ಕೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ. ಕೆರೆದ ಪುಡಿಯನ್ನು ಹೊಳೆಗೆ ಗುಡಿಸಬೇಡಿ, ಅದೇ ಹೊಳೆಯ ಮರುವಾಯಿಯನ್ನು ನಾವು ತಿನ್ನುತ್ತೇವೆ. ಟಿಬಿಟಿ ಎಂಬ ವಿಷವಿದ್ದ ಇಂಥ ಬಣ್ಣ ಕಡಲ ಚಿಪ್ಪುಜೀವಿಗಳನ್ನು ಹಾಳು ಮಾಡಿದ್ದರಿಂದಲೇ, ಹಡಗುಗಳಿಗೆ ಅದನ್ನು ಬಳಿಯದಂತೆ 2008ರಲ್ಲಿ ಅಂತಾರಾಷ್ಟ್ರೀಯ ನಿಷೇಧ ಜಾರಿಗೆ ಬಂತು.

ಬಣ್ಣದ ಅಡಿಯ ಸತ್ಯ

ಶುಕ್ರವಾರ ನಮ್ಮ ಮನೆಗಳಲ್ಲಿ ಓದುವ ಸೂರಾ ಕಹ್ಫ್‌ನಲ್ಲಿ ಒಂದು ದೋಣಿಯ ಕಥೆ ಇದೆ. ಕಡಲಲ್ಲಿ ದುಡಿಯುವ ಬಡವರ ದೋಣಿಗೆ ಖಿಳ್ರ್ (ಅ) ತೂತು ಮಾಡಿದರು. ಚೆನ್ನಾದ ದೋಣಿಗಳನ್ನೆಲ್ಲ ಕಿತ್ತುಕೊಳ್ಳುವ ರಾಜನೊಬ್ಬನಿದ್ದ, ಅವನ ಕೈಗೆ ಅದು ಹೋಗದಿರಲೆಂದು. ಅಲ್ಲಿ ಕಣ್ಣಿಗೆ ಕಂಡ ದೋಷ ಬಡವರ ಅನ್ನ ಉಳಿಸಿತು. ನಾವು ಬಣ್ಣದಡಿ ಮುಚ್ಚುವ ದೋಷ ಕೊಂಡವನ ಜೀವವನ್ನೇ ತೆಗೆಯಬಹುದು.

ಪ್ರವಾದಿಯವರು (ಸ.ಅ.) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಇತ್ತು. ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿ, ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಬ್ಯಾರಿ ಎಂಬ ಹೆಸರೇ ಬ್ಯಾರ, ಅಂದರೆ ವ್ಯಾಪಾರದಿಂದ ಬಂತು ಎನ್ನುವವರಿದ್ದಾರೆ. ಹಾಗಿದ್ದರೆ ಕೊಳೆತ ಹಲಗೆಗೆ ಪುಟ್ಟಿ ತುಂಬಿ, ಹೊಸ ನೀಲಿ ಬಣ್ಣ ಹೊಡೆದು ಮಾರುವುದು ಆ ಹೆಸರಿಗೇ ಕಳಂಕ. ದೋಷವಿದ್ದರೆ ಹೇಳಿ, ಅದಕ್ಕೆ ತಕ್ಕ ಬೆಲೆ ತೆಗೆದುಕೊಂಡರೆ ಹಲಾಲ್.

ಕೊಳ್ಳುವವರೂ ಅಷ್ಟೇ. ದೋಣಿ ಮಿರಮಿರ ಮಿಂಚುತ್ತಿದ್ದರೆ ಮುಂಗಡ ಕೊಡುವ ಮೊದಲು ಚೂರಿಯಿಂದ ಚುಚ್ಚಿ ನೋಡಲು ಒಪ್ಪಿಗೆ ಕೇಳಿ. ಪ್ರಾಮಾಣಿಕ ಮಾರಾಟಗಾರ ಬೇಡ ಅನ್ನುವುದಿಲ್ಲ.